ಮಾಸ್ಟರ ಎಂಟು ಅಂಗಿ

ಆಸ್ಪತ್ರೆಯಿಂದ ಬಂದ ಮೂರನೇ ದಿನ ಮಾಸ್ಟರು ಸ್ನಾನ ಮಾಡಿ ಅಂಗಿ ಹಾಕಿಕೊಂಡರು, ಕನ್ನಡಿಯ ಮುಂದೆ ನಿಂತರು, ಅಂಗಿ ಬಿಚ್ಚಿ ಕುರ್ಚಿಯ ಮೇಲೆ ಎಸೆದರು, ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಬೆಳಿಗ್ಗೆ ಒಂಬತ್ತೂವರೆಗೆ ಮಲಗಿದವರು ಸಂಜೆಯಾದರೂ ಏಳಲಿಲ್ಲ. ಹೆಂಡತಿ ಗಂಜಿ ತಂದರೆ ಬೇಡ, ಮೊಟ್ಟೆ ತಂದರೆ ಬೇಡ, ಮೊಮ್ಮಗಳು ಬಂದು ತಾತ ಎಂದರೆ ಅದಕ್ಕೂ ತಿರುಗಲಿಲ್ಲ. ಹೊಟ್ಟೆ ಕೊಯ್ಯಿಸಿಕೊಂಡು ಹತ್ತು ದಿನ ವಾರ್ಡಿನಲ್ಲಿದ್ದಾಗಲೂ ನರ್ಸುಗಳನ್ನು ರೇಗಿಸುತ್ತಿದ್ದ ಮನುಷ್ಯ, ಮನೆಗೆ ಬಂದು ಒಂದು ಅಂಗಿಗೆ ಸೋತರು.

ಒಂದು ಅಂಗಿ ಎಂದು ಹಗುರವಾಗಿ ಹೇಳುವ ಹಾಗೂ ಇಲ್ಲ. ಮಾಸ್ಟರು ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ನಲವತ್ತು ವರ್ಷದಿಂದ ಆ ಬೀದಿಯ ಜನರ ಮೈ ಅಳೆದವರು. ತಮಗೆ ಅಂತ ಅವರು ಹೊಲಿದುಕೊಳ್ಳುವುದು ಒಂದೇ ನಮೂನೆ. ತಿಳಿಬೂದು ಬಣ್ಣ, ಅರ್ಧ ತೋಳು, ಚಾಕ್ ಇಡುವುದಕ್ಕೆ ಎಡಗಡೆ ಉದ್ದ ಜೇಬು, ಎದೆ ನಲವತ್ತು. ಅಂಥವು ಎಂಟು. ಒಂದು ಹರಿದರೆ ಅದೇ ಅಳತೆಗೆ ಇನ್ನೊಂದು. ಮದುವೆಯಾದಾಗ ನಲವತ್ತು, ಅರವತ್ನಾಲ್ಕನೇ ವಯಸ್ಸಿನಲ್ಲೂ ನಲವತ್ತು ಎನ್ನುವುದು ಅವರ ಜೀವಮಾನದ ಏಕೈಕ ಜಂಬ. ತೂಕ ನೋಡುವುದು ದಿನಸಿ ಅಂಗಡಿಯವರ ಕೆಲಸ, ಮನುಷ್ಯ ನೆಟ್ಟಗಿದ್ದಾನೋ ಇಲ್ಲವೋ ಅಂಗಿ ಹೇಳುತ್ತದೆ ಎಂದು ಗಿರಾಕಿಗಳ ಹತ್ತಿರ ವಾದ ಮಾಡುತ್ತಿದ್ದರು. ಅಂಥ ಅಂಗಿ ಆವತ್ತು ಗೂಟಕ್ಕೆ ತಗುಲಿಹಾಕಿದ ಹಾಗೆ ಮೈಮೇಲೆ ಜೋತುಬಿದ್ದಿತ್ತು.

ಆರು ತಿಂಗಳಿಂದ ಹೊಟ್ಟೆ ಉರಿಯುತ್ತಿತ್ತು. ಅಡುಗೆಗೆ ಖಾರ ಹೆಚ್ಚಾಯಿತು ಎಂದು ಹೆಂಡತಿಯ ಮೇಲೆ ಹಾಕಿದರು. ಆಕೆ ಖಾರ ಬಿಟ್ಟರು, ಉರಿ ಬಿಡಲಿಲ್ಲ. ಮಲ ಕಪ್ಪಗಾಗತೊಡಗಿದ ಮೇಲೆ ಮಗ ಹೆಚ್ಚುಕಮ್ಮಿ ಹೊತ್ತುಕೊಂಡೇ ಆಸ್ಪತ್ರೆಗೆ ಹೋದ. ಬಾಯಿಂದ ಕ್ಯಾಮೆರಾ ಇಳಿಸಿ ನೋಡಿದರೆ ಜಠರದ ಕೆಳಭಾಗದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಸರ್ಜನ್ ಒಬ್ಬ ಹೆಂಗಸು, ಕಡಿಮೆ ಮಾತಿನವರು. ಕಾಗದದ ಮೇಲೆ ಚಿತ್ರ ಬರೆದು, ಜಠರದ ಮೂರರಲ್ಲಿ ಎರಡು ಭಾಗ ತೆಗೆಯಬೇಕು, ಗಡ್ಡೆಯ ಸುತ್ತ ಇರುವ ಒಳ್ಳೆಯದನ್ನೂ ನಾಲ್ಕು ಬೆರಳು ಸೇರಿಸಿಯೇ ತೆಗೆಯಬೇಕು ಎಂದು ವಿವರಿಸಿದರು. ಮನೆಯವರೆಲ್ಲ ಬಿಳಿಚಿಕೊಂಡು ಕೂತಿದ್ದರೆ ಮಾಸ್ಟರು ಮಾತ್ರ ಆ ಚಿತ್ರವನ್ನೇ ನೋಡುತ್ತಿದ್ದರು. ಇಸ್ತ್ರಿಯಲ್ಲಿ ಸುಟ್ಟ ಬಟ್ಟೆಗೂ ಹಾಗೇ ಮಾಡುವುದು ಎಂದು ತಲೆಯಾಡಿಸಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಉಳಿದದ್ದನ್ನ ಕರುಳಿಗೆ ಸೇರಿಸ್ತೀರಲ್ಲ ಡಾಕ್ಟ್ರೇ, ಹೊಲಿಗೆ ಒಂಟಿಯೋ ಜೋಡಿಯೋ?"

"ಜೋಡಿ," ಎಂದರು ಡಾಕ್ಟರು.

"ಹಾಗಿದ್ರೆ ಆಗ್ಲಿ, ಮಾಡಿ," ಎಂದು ರುಜು ಹಾಕಿಬಿಟ್ಟರು.

ಆಪರೇಷನ್ ಚೆನ್ನಾಗಿಯೇ ಆಯಿತು. ಗಡ್ಡೆ ಪೂರ್ತಿ ಬಂದಿದೆ, ಬೇರೆಲ್ಲೂ ಹರಡಿಲ್ಲ, ಬೇರೆ ಔಷಧಿ ಬೇಡ ಎಂದು ರಿಪೋರ್ಟು ಬಂತು. ಸೊಸೆ ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಅತ್ತಳು. ಸಂಕಟದ್ದಲ್ಲ, ಬಿಡುಗಡೆಯ ಅಳು. ಉಳಿದದ್ದು ಊಟದ ವಿಷಯ. ಈಗ ಹೊಟ್ಟೆಯೊಳಗಿರುವ ಚೀಲ ಮುಷ್ಟಿಯಷ್ಟೇ. ದಿನಕ್ಕೆ ಆರು ಸಲ, ಒಂದೊಂದು ಸಲಕ್ಕೆ ಒಂದು ಬಟ್ಟಲು, ಚೆನ್ನಾಗಿ ಅಗಿದು ನುಂಗಬೇಕು, ಊಟದ ಜೊತೆ ನೀರು ಕುಡಿಯಬಾರದು, ಸಿಹಿ ಮುಟ್ಟಬಾರದು. ಆಪರೇಷನ್ನಿಗೆ ಮುಂಚೆ ಅರವತ್ತೆಂಟು ಕಿಲೋ ಇದ್ದವರು ಮನೆಗೆ ಹೊರಟಾಗ ಐವತ್ತಾರು. ಆರು ವಾರ ಬಿಟ್ಟು ಬನ್ನಿ, ತೂಕ ಐವತ್ತರ ಕೆಳಗೆ ಇಳಿದಿದ್ದರೆ ಕರುಳಿಗೆ ನಳಿಗೆ ಹಾಕಿ ಅದರಲ್ಲೇ ಆಹಾರ ಕೊಡಬೇಕಾಗುತ್ತದೆ ಎಂದು ಡಾಕ್ಟರು ಮುಖ ನೋಡಿಯೇ ಹೇಳಿದರು. ಪಕ್ಕದ ಹಾಸಿಗೆಯಲ್ಲಿ ಅಂಥ ನಳಿಗೆ ಹಾಕಿಸಿಕೊಂಡವನನ್ನು ಮಾಸ್ಟರು ಹತ್ತು ದಿನ ನೋಡಿದ್ದರು. ಚಾಕುಕತ್ತರಿಗೆ ಹೆದರದವರು ಆ ನಳಿಗೆಗೆ ಹೆದರಿದರು. ಬಾಯಿ ಇಟ್ಟುಕೊಂಡು ಪಕ್ಕೆಯಿಂದ ಉಣ್ಣುವ ಬಾಳು ತನಗೆ ಬೇಡ, ಅದು ಬಂದರೆ ತಾನು ಉಳಿಯುವುದಿಲ್ಲ ಎಂದು ದಾರಿಯಲ್ಲಿ ಹೆಂಡತಿಗೆ ಹೇಳಿದ್ದರು. ಅದನ್ನು ಕೇಳಿಸಿಕೊಂಡ ಹೆಂಡತಿಗೆ, ಗೋಡೆಗೆ ಮುಖ ಮಾಡಿದ ಗಂಡನ ಬೆನ್ನು ನೋಡಿದಾಗ ಅದೇ ಮಾತು ಮತ್ತೆ ಕೇಳಿಸಿತು.

ಆಕೆ ಸಂಜೆ ಅಂಗಡಿಗೆ ಬಂದರು. ಸೊಸೆ ಮಿಷನ್ನಿನ ಮುಂದೆ ಕೂತು ಶಾಲೆಯ ಯೂನಿಫಾರ್ಮಿಗೆ ಜೇಬು ಕೂರಿಸುತ್ತಿದ್ದಳು. ಮಾವ ಕತ್ತರಿಸುವುದು, ಸೊಸೆ ಹೊಲಿಯುವುದು, ಅತ್ತೆ ಅಡುಗೆಮನೆ. ಆ ಮನೆಯ ಏರ್ಪಾಡು ಮೊದಲಿಂದಲೂ ಹಾಗೆ. ಮಗ ಲಿಫ್ಟ್ ರಿಪೇರಿ ಮಾಡುವವನು, ಸೂಜಿಗೆ ದಾರ ಪೋಣಿಸಲೂ ಬಾರದು. ಮೊಮ್ಮಗಳಿಗೆ ಒಂಬತ್ತು ವರ್ಷ. ಹುಟ್ಟಿದಾಗ ಅಂಗಿಯ ಗುಂಡಿಯಷ್ಟಿದ್ದಳು ಎಂದು ತಾತ ಗುಂಡಿ ಎಂದು ಕರೆದದ್ದು ಹಾಗೇ ನಿಂತುಬಿಟ್ಟಿತ್ತು.

ಅತ್ತೆ ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದ ಎರಡು ಅಂಗಿ ಮಿಷನ್ನಿನ ಮೇಲೆ ಇಟ್ಟರು. ಇವನ್ನು ಸ್ವಲ್ಪ ಹಿಡಿದು ಹೊಲಿದುಕೊಡು, ಮೈಗೆ ಕೂರುವ ಹಾಗೆ, ಅವರಿಗೆ ತಿಳಿಯಬಾರದು ಎಂದರು. ಸೊಸೆ ಹೌಹಾರಿದಳು. ರಸ್ತೆಯ ಆ ಕಡೆ ಹೋಗುವವರ ಕಾಲರಿನಲ್ಲಿ ಹೊಲಿಗೆ ತಪ್ಪಿದ್ದರೆ ಈ ಕಡೆ ನಿಂತು ಹೇಳುವ ಮನುಷ್ಯನ ಕಣ್ಣಿಗೆ ಮಣ್ಣೆರಚುವುದು ಉಂಟೇ?

"ಗೊತ್ತಾದ್ರೆ ನನ್ನ ಕೈ ಮುರೀತಾರೆ ಅತ್ತೆ."

"ಮುರೀಲಿ ಬಿಡು. ಮುರಿಯೋಕಾದ್ರೂ ಎದ್ದು ಬರ್ತಾರಲ್ಲ," ಎಂದರು ಅತ್ತೆ. ಸೊಸೆ ಅಂಗಿ ಎತ್ತಿಕೊಂಡಳು.

ಹೆಗಲಿಗೆ ಕೈ ಹಾಕಲಿಲ್ಲ. ಪಕ್ಕದ ಹೊಲಿಗೆ ಬಿಚ್ಚಿ, ತೋಳಿನ ಕೆಳಗಿನಿಂದ ಅಂಚಿನವರೆಗೆ ಒಳಕ್ಕೆ ಹಿಡಿದು ಹೊಸ ಹೊಲಿಗೆ ಹಾಕಿ, ಇಸ್ತ್ರಿ ಒತ್ತಿ ಚಪ್ಪಟೆ ಮಾಡಿದಳು. ಮರುದಿನ ಬೆಳಿಗ್ಗೆ ಅತ್ತೆ ಗಂಡನಿಗೆ, ನೆನ್ನೆ ಹಾಕಿಕೊಂಡದ್ದು ಒಗೆದು ಹಿಗ್ಗಿದ ಹಳೇ ಅಂಗಿ ಎಂದು ಹಸೀ ಸುಳ್ಳು ಹೇಳಿ ಬೇರೆಯದನ್ನು ಕೈಗೆ ಕೊಟ್ಟರು. ಮಾಸ್ಟರು ಒಲ್ಲದ ಮನಸ್ಸಿನಿಂದ ತೋಳು ತೂರಿಸಿದರು. ಗುಂಡಿ ಹಾಕಿಕೊಂಡರು. ಕನ್ನಡಿಯ ಮುಂದೆ ಒಮ್ಮೆ ಬಲಕ್ಕೆ ತಿರುಗಿದರು, ಒಮ್ಮೆ ಎಡಕ್ಕೆ. ಬಾಗಿಲ ಹಿಂದೆ ಇಬ್ಬರು ಹೆಂಗಸರು ಸಂದಿಗೆ ಕಣ್ಣಿಟ್ಟು ನಿಂತಿದ್ದರು.

"ತಿಂಡಿ ಏನಿದೆ?" ಎಂದರು ಮಾಸ್ಟರು.

ಆ ಒಂದು ಮಾತಿಗೆ ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಉಳಿದ ಆರು ಅಂಗಿ ಒಗೆಯುವುದಕ್ಕೆ ಹೋಗಿವೆ ಎಂಬ ನೆಪದಲ್ಲಿ ಒಂದೊಂದಾಗಿ ಮಿಷನ್ನಿನ ಕೆಳಗೆ ಹಾದುಬಂದವು. ಆ ವಾರ ಆ ಮನೆಯಲ್ಲಿ ಒಗೆದಷ್ಟು ಬಟ್ಟೆಯನ್ನು ಯಾವ ಮನೆಯಲ್ಲೂ ಒಗೆದಿರಲಾರರು.

ಎರಡು ವಾರ ಮನೆ ನಲಿಯಿತು. ಅಡುಗೆಮನೆಯ ಒಲೆ ಆರುತ್ತಲೇ ಇರಲಿಲ್ಲ. ಏಳು ಗಂಟೆಗೆ ಮೆತ್ತಗೆ ಬೇಯಿಸಿದ ಮೊಟ್ಟೆ, ಒಂಬತ್ತೂವರೆಗೆ ಗಂಜಿ, ಹನ್ನೆರಡಕ್ಕೆ ಅನ್ನ ಮತ್ತು ಸಣ್ಣಗೆ ಹಿಸುಕಿದ ತರಕಾರಿ, ಮೂರಕ್ಕೆ ಬ್ರೆಡ್ಡು, ಐದೂವರೆಗೆ ಮೊಸರು, ಎಂಟಕ್ಕೆ ಸೂಪು. ಮೂವತ್ತೆಂಟು ವರ್ಷ ದೊಡ್ಡ ಪಾತ್ರೆಯಲ್ಲಿ ಬೇಯಿಸಿದ ಅತ್ತೆಗೆ ಒಂದು ಬಟ್ಟಲಿನ ಅಡುಗೆಯ ಅಂದಾಜೇ ಸಿಗುತ್ತಿರಲಿಲ್ಲ. ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಇಲ್ಲವೇ ಇಲ್ಲ. ಮಿಕ್ಕದ್ದೆಲ್ಲ ಮಗನ ಡಬ್ಬಿಗೆ. ಲಿಫ್ಟಿನ ಹಳ್ಳದೊಳಗೆ ಇಳಿದು ಗ್ರೀಸು ಮೆತ್ತಿಕೊಂಡು ಕೆಲಸ ಮಾಡುವ ಆಳಿಗೆ ಮಧ್ಯಾಹ್ನ ಹಿಸುಕಿದ ತರಕಾರಿ. ಜೊತೆಯವರು ನಿನಗೆ ಹಲ್ಲು ಬಂತಾ ಎಂದು ಕೇಳತೊಡಗಿದ್ದಾರೆ ಎಂದು ಅವನು ದೂರಿದ. ಅಗಿಯುವುದನ್ನು ಎಣಿಸುವ ಕೆಲಸ ಮೊಮ್ಮಗಳದು. ಮೂವತ್ತು ಸಲ ಅಗಿಯಬೇಕು. ತಾತ ಹದಿನೆಂಟಕ್ಕೇ ನುಂಗಿ, ಇಲ್ಲ ಮೂವತ್ತಾಯಿತು ಎಂದು ವಾದಿಸುತ್ತಿದ್ದರು. ಗುಂಡಿ ಬಿಡುವ ಪೈಕಿ ಅಲ್ಲ. ಬಾಯಿ ತೆಗೆಸಿ ನೋಡುತ್ತಿದ್ದಳು.

ಮಾಸ್ಟರು ಅಂಗಡಿಗೂ ಬಂದು ಕೂರತೊಡಗಿದರು. ಕತ್ತರಿ ಹಿಡಿಯುವ ಶಕ್ತಿ ಇನ್ನೂ ಇರಲಿಲ್ಲ, ಬಾಯಿಗೆ ಶಕ್ತಿ ಬಂದಿತ್ತು. ಬಂದ ಗಿರಾಕಿಗಳಿಗೆಲ್ಲ ಅಂಗಿಯ ಪಕ್ಕ ಎಳೆದು ತೋರಿಸಿ, ಹೊಟ್ಟೆಯ ಮೂರರಲ್ಲಿ ಎರಡು ಪಾಲು ತೆಗೆದರೂ ಅಳತೆ ಕದಲಿಲ್ಲ ನೋಡಿ ಎನ್ನುತ್ತಿದ್ದರು. ಸೊಸೆ ತಲೆ ತಗ್ಗಿಸಿ ಮಿಷನ್ ತುಳಿಯುತ್ತಿದ್ದಳು. ಮೊದಮೊದಲು ಅವಳಿಗೂ ಒಳಗೊಳಗೇ ನಗು ಬರುತ್ತಿತ್ತು. ತನ್ನ ಹೊಲಿಗೆ ಮಾವನ ಕಣ್ಣಿಗೆ ಬೀಳಲಿಲ್ಲ ಎಂಬ ಸಣ್ಣ ಹೆಮ್ಮೆಯೂ ಇತ್ತು, ಇಲ್ಲ ಅಂದರೆ ಸುಳ್ಳಾದೀತು.

ಕೆಡಿಸಿದ್ದು ಕೇಕು. ಅಪ್ಪ ಇಷ್ಟು ಬೇಗ ಚೇತರಿಸಿಕೊಂಡರಲ್ಲ ಎಂಬ ಖುಷಿಗೆ ಮಗ ಒಂದು ಸಂಜೆ ಕೇಕು ತಂದ. ಸಿಹಿ ಕೊಡಬಾರದು ಎಂದು ಸೊಸೆ ಅಡ್ಡ ಬಂದಳು. ಅಂಗಿ ಕೂತ ಮೇಲೆ ಇನ್ನೆಂಥ ಪಥ್ಯ ಎಂದು ಮಾಸ್ಟರು ಎರಡು ತುಂಡು ತಿಂದರು, ಮೇಲೆ ಒಂದು ಲೋಟ ನೀರು. ಕಾಲು ಗಂಟೆಯಲ್ಲಿ ಮೈಯೆಲ್ಲ ಬೆವರಿ, ಎದೆ ಡವಗುಟ್ಟಿ, ಕಣ್ಣು ಕತ್ತಲಿಟ್ಟು ಕುರ್ಚಿಯಿಂದ ಜಾರಿದರು. ಮನೆಯವರ ಜೀವ ಬಾಯಿಗೆ ಬಂತು. ಆಸ್ಪತ್ರೆಗೆ ಫೋನ್ ಮಾಡಿದರೆ ನರ್ಸು, ಗಾಬರಿ ಬೇಡ, ಸಿಹಿ ಸೀದಾ ಕರುಳಿಗೆ ನುಗ್ಗಿದರೆ ಹಾಗಾಗುತ್ತದೆ, ಮಲಗಿಸಿ, ಇಳಿಯುತ್ತದೆ ಎಂದಳು. ಅರ್ಧ ಗಂಟೆಗೆ ಇಳಿಯಿತು. ಆದರೆ ಅಂದಿನಿಂದ ಮಾಸ್ಟರಿಗೆ ತಟ್ಟೆ ಕಂಡರೆ ಅಳುಕು. ಅಳುಕು ಎಂದು ಒಪ್ಪಿಕೊಳ್ಳುವ ಜಾತಿಯಲ್ಲ ಅವರು. ಬಟ್ಟಲು ಸರಿಸಿ, ನನಗೆ ತುಂಬಿದೆ, ಅಂಗಿ ನೋಡು, ಎಲ್ಲಿ ಇಳಿದಿದ್ದೀನಿ ಎಂದು ಕೇಳುತ್ತಿದ್ದರು. ಆರು ಸಲ ಹೋಗಿ ನಾಲ್ಕಾಯಿತು, ನಾಲ್ಕು ಹೋಗಿ ಮೂರಾಯಿತು. ಅತ್ತೆ ಒತ್ತಾಯ ಮಾಡಿದರೆ ಕೂಗಾಟ. ಮಗನೂ ಅಪ್ಪನ ಕಡೆಗೇ. ಅಂಗಿ ಸರಿಯಾಗಿದೆಯಲ್ಲ, ಯಾಕೆ ಸುಮ್ಮನೆ ತುರುಕುತ್ತೀರಿ ಎಂದು ತಾಯಿಗೇ ರೇಗಿದ. ಆತನಿಗೆ ಗುಟ್ಟು ಹೇಳಿರಲಿಲ್ಲ. ಪೈಜಾಮವಾದರೂ ಹೇಳುತ್ತಿತ್ತೋ ಏನೋ, ಅದಕ್ಕೆ ಲಾಡಿ, ಬಿಗಿದಷ್ಟೂ ಬಿಗಿಯುತ್ತದೆ.

ಇಪ್ಪತ್ತಾರನೇ ದಿನ ಬೆಳಿಗ್ಗೆ ಅತ್ತೆ ಮತ್ತೆ ಸೆರಗಿನಲ್ಲಿ ಅಂಗಿ ಮುಚ್ಚಿಕೊಂಡು ಬಂದರು. ಮಾಸ್ಟರು ಒಳಗೆ ಸ್ನಾನಕ್ಕೆ ಹೋಗಿದ್ದರು.

"ಇನ್ನೊಂದು ಬೆರಳು ಹಿಡಿಯಮ್ಮ. ತೋಳಿನ ಹತ್ರ ಜೋಲ್ತಾ ಇದೆ."

ಸೊಸೆ ಮಿಷನ್ನಿನಿಂದ ಕೈ ತೆಗೆದಳು. "ಹಿಡಿಯಲ್ಲ ಅತ್ತೆ."

"ಯಾಕೆ?"

"ನಾವು ಅಂಗಿ ಸಣ್ಣ ಮಾಡ್ತಾ ಇದ್ದೀವಿ, ಅವರು ಅದನ್ನ ನೋಡ್ಕೊಂಡು ಊಟ ಬಿಡ್ತಾ ಇದ್ದಾರೆ. ಇನ್ನು ಎಷ್ಟು ಸಲ ಹಿಡೀಲಿ? ಗುಂಡಿಯ ಫ್ರಾಕಿನಷ್ಟಾಗೋವರೆಗೂ ಹಿಡೀಲಾ?"

ಅತ್ತೆಗೆ ರೇಗಿತು. ತಾನೇನು ಗಂಡನನ್ನು ಸಾಯಿಸಲು ಹೊರಟವಳೇ ಎಂದು ಕೇಳಿದರು. ಆವತ್ತು ಗೋಡೆ ನೋಡುತ್ತಾ ಮಲಗಿದ್ದ ಬೆನ್ನನ್ನು ಇಡೀ ದಿನ ನೋಡಿದವಳು ತಾನು, ನೀನಲ್ಲ. ನಿನಗೆ ಹೇಳುವುದು ಸುಲಭ ಎಂದರು. ಮೂವತ್ತೆಂಟು ವರ್ಷ ತನ್ನ ಕೈಯಲ್ಲಿ ಉಂಡವರು ಈಗ ತನ್ನ ಬಟ್ಟಲು ಕಂಡರೆ ಮುಖ ತಿರುಗಿಸುತ್ತಾರೆ, ಅದನ್ನು ಯಾರ ಹತ್ತಿರ ಹೇಳಿಕೊಳ್ಳಲಿ ಎನ್ನುತ್ತಾ ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತರು. ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಇನ್ನು ಹದಿನಾರು ದಿನಕ್ಕೆ ಆಸ್ಪತ್ರೆ ಅತ್ತೆ, ಅಲ್ಲಿ ಅಂಗಿ ನೋಡುವುದಿಲ್ಲ, ತೂಕದ ಮಿಷನ್ನಿನ ಮೇಲೆ ನಿಲ್ಲಿಸುತ್ತಾರೆ ಎಂದು ಮೆಲ್ಲಗೆ ಹೇಳಿದಳು. ಅತ್ತೆ ಮೂಗು ಒರೆಸಿಕೊಂಡು, ಹಾಗಾದರೆ ನೀನೇ ಹೇಳು, ನನ್ನಿಂದಾಗದು ಎಂದರು.

ಮಾಸ್ಟರು ಸ್ನಾನ ಮುಗಿಸಿ ಬಂದು ಕಟಿಂಗ್ ಟೇಬಲ್ಲಿನ ಮುಂದೆ ಕೂತರು. ಸೊಸೆ ಆ ಅಂಗಿಯನ್ನು ಒಳಗಡೆ ಹೊರಗಾಗಿ ತಿರುವಿ ಅವರ ಮುಂದೆ ಹಾಸಿದಳು.

"ಮಾವ, ಇದು ನಲವತ್ತಲ್ಲ. ಮೂವತ್ತಾರು. ಎಂಟನ್ನೂ ನಾನೇ ಹಿಡಿದಿದ್ದೀನಿ."

ಮಾಸ್ಟರು ಕನ್ನಡಕ ಹಾಕಿಕೊಂಡರು. ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದರು, ತೋಳಿನ ಸಂದಿಯಿಂದ ಕೆಳಗಿನ ಅಂಚಿನವರೆಗೆ, ಮತ್ತೆ ಅಂಚಿನಿಂದ ತೋಳಿನವರೆಗೆ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡಿದ್ದರು.

ಆಮೇಲೆ ಬೈಗುಳ ಶುರುವಾಯಿತು. ಊರ ಮುಂದೆ ಎದೆ ತಟ್ಟಿಕೊಂಡು ತೋರಿಸಿದೆನಲ್ಲ, ನನ್ನನ್ನು ಕೋತಿ ಮಾಡಿ ಕುಣಿಸಿದಿರಿ ಎಂದರು. ಅತ್ತೆ ಸೊಸೆ ಸೇರಿದರೆ ಗಂಡಸಿಗೆ ಮನೆಯಲ್ಲಿ ಅಂಗಿಯೂ ಸ್ವಂತದ್ದಲ್ಲ ಎಂದರು. ಇನ್ನೂ ಏನೇನೋ ಅಂದರು. ಅಷ್ಟು ಹೊತ್ತು ಕೂಗಲು ಉಸಿರು ಸಾಲದೆ ನಡುನಡುವೆ ನಿಲ್ಲಿಸಿ ಸುಧಾರಿಸಿಕೊಂಡು ಮುಂದುವರಿಸಿದರು. ಕೊನೆಗೆ ಬೈಯಲು ಏನೂ ಉಳಿಯದೆ ಮತ್ತೆ ಅಂಗಿ ಎತ್ತಿಕೊಂಡರು. ಈ ಸಲ ಟೈಲರಿನ ಕಣ್ಣಿನಿಂದ ನೋಡಿದರು. ಹೊಸ ಹೊಲಿಗೆಯ ಆಚೆ, ಒಳಗಡೆ, ಬಟ್ಟೆ ಹಾಗೇ ಮಡಿಚಿ ಕೂತಿತ್ತು. ನಾಲ್ಕು ಕಡೆ ಸಣ್ಣ ಕೈಹೊಲಿಗೆ ಹಾಕಿ ಮೈಗೆ ಒತ್ತದ ಹಾಗೆ ಹಿಡಿಸಿದ್ದಳು. ಆ ಪಕ್ಕ ಎರಡಿಂಚು, ಈ ಪಕ್ಕ ಎರಡಿಂಚು.

"ಇದೇನು ಇದು? ಹೆಚ್ಚಿನ ಬಟ್ಟೆ ಕತ್ತರಿಸ್ಬಾರ್ದಾ? ಕೆಲಸ ಕಲ್ತು ಹತ್ತು ವರ್ಷ ಆಯ್ತು."

"ಕತ್ತರಿಸೋಕೆ ಮನಸ್ಸು ಬರ್ಲಿಲ್ಲ ಮಾವ."

"ಯಾಕೆ?"

"ಕತ್ತರಿಸಿದ್ರೆ, ನೀವು ಇನ್ನು ಮೈ ತುಂಬ್ಕೊಳ್ಳಲ್ಲ ಅಂತ ನಾನೇ ಒಪ್ಕೊಂಡ ಹಾಗಾಗ್ತಿತ್ತು."

ಮಾಸ್ಟರು ಅಂಗಿ ಕೆಳಗಿಟ್ಟರು. ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲೇ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಹೊಲಿಗೆ ತನ್ನದಲ್ಲ ಎಂದು ಮೊದಲ ದಿನವೇ ತಿಳಿಯಬೇಕಿತ್ತು, ಒಳಗೆ ತಿರುಗಿಸಿ ನೋಡುವ ಧೈರ್ಯವಾಗಲಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅದು ಆ ಮನೆಯಲ್ಲಿ ಅವರು ಒಪ್ಪಿಕೊಂಡ ಮೊದಲನೇ ಹೆದರಿಕೆ. ಅತ್ತೆ ಬಾಗಿಲಲ್ಲೇ ಅಳುತ್ತಿದ್ದರು.

"ಅಲ್ಲಿ ನಿಂತು ಅಳ್ಬೇಡ," ಎಂದರು ಮಾಸ್ಟರು ಹೆಂಡತಿಗೆ. "ಒಂಬತ್ತೂವರೆ ದಾಟ್ತು. ಗಂಜಿ ಎಲ್ಲಿ?"

ಗಂಜಿ ತಂದುಕೊಟ್ಟದ್ದು ಸೊಸೆ. ಯಾಕೆಂದರೆ ಮಾಸ್ಟರು ಹೆಂಡತಿಯ ಜೊತೆ ಸಂಜೆಯವರೆಗೆ ಮಾತು ಬಿಟ್ಟರು. ಸಿಟ್ಟು ಅಂದ ಮೇಲೆ ಅದಕ್ಕೊಂದು ಮರ್ಯಾದೆ ಬೇಡವೇ. ಐದೂವರೆಗೆ ಮೊಸರಿನ ಬಟ್ಟಲು ಖಾಲಿ ಮಾಡಿ, ಉಪ್ಪು ಕಮ್ಮಿ ಎಂದರು. ಅತ್ತೆ, ಮೊಸರಿಗೆ ಉಪ್ಪು ಹಾಕುವುದೇ ಇಲ್ಲವಲ್ಲ ಎಂದರು. ಅಲ್ಲಿಗೆ ರಾಜಿಯಾಯಿತು.

ಸಂಜೆ ಮಗ ಕೆಲಸದಿಂದ ಬಂದಾಗ ಎಲ್ಲ ತಿಳಿಯಿತು. ತನ್ನನ್ನೂ ಸೇರಿಸಿ ಟೋಪಿ ಹಾಕಿದರೆಂದು ಅವನೂ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದ. ಆಮೇಲೆ ಅಪ್ಪನ ತೋಳು ಹಿಡಿದು ಬೀದಿ ಕೊನೆಯ ಔಷಧಿ ಅಂಗಡಿಗೆ ಕರೆದುಕೊಂಡು ಹೋಗಿ ತೂಕದ ಮಿಷನ್ನಿನ ಮೇಲೆ ನಿಲ್ಲಿಸಿದ. ಐವತ್ತು ಕಿಲೋ ಮುನ್ನೂರು ಗ್ರಾಂ. ಮನೆ ಮೆಟ್ಟಿಲು ಹತ್ತುವಾಗ ಮಗ, ಕೇಕು ತಂದದ್ದು ತನ್ನ ತಪ್ಪು ಎಂದ. ತಿಂದವನು ನಾನಲ್ಲವೇ ಎಂದರು ಮಾಸ್ಟರು.

ಮರುದಿನದಿಂದ ಊಟ ಆ ಮನೆಯಲ್ಲಿ ತುರ್ತಿನ ಆರ್ಡರ್ ಆಯಿತು. ಶಾಲೆ ತೆರೆಯುವ ಮುಂಚೆ ಇನ್ನೂರು ಯೂನಿಫಾರ್ಮು ಮುಗಿಸಬೇಕಾದಾಗ ಹೇಗೆ ದಿನ ಲೆಕ್ಕ ಹಾಕಿ ಗೋಡೆಗೆ ಚೀಟಿ ಅಂಟಿಸುತ್ತಿದ್ದರೋ ಹಾಗೆ ಮಾಸ್ಟರು ಆರು ಹೊತ್ತಿನ ಚೀಟಿ ಬರೆದು ಮಿಷನ್ನಿನ ಮೇಲಿನ ಗೋಡೆಗೆ ಅಂಟಿಸಿದರು. ತಿಂದಮೇಲೆ ಚಾಕ್‌ನಲ್ಲಿ ಒಂದು ಗೀಟು. ಹೆದರಿಕೆಯೇನೂ ಹೋಗಿರಲಿಲ್ಲ. ಒಂದೊಂದು ತುತ್ತಿಗೂ ಮುಂಚೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆದರೆ ನುಂಗುತ್ತಿದ್ದರು. ಗಿರಾಕಿ ಎದುರಿಗೇ ಇದ್ದರೂ ಹನ್ನೆರಡಾಯಿತೆಂದರೆ ಟೇಪು ಕೊರಳಿಗೆ ಹಾಕಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಒಬ್ಬರು ಪ್ಯಾಂಟಿನ ಟ್ರಯಲಿಗೆ ಬಂದು, ಮಾಸ್ಟರು ಮೊಸರು ತಿಂದು ಮುಗಿಸುವವರೆಗೆ ಪರದೆಯ ಹಿಂದೆ ಒಂದು ಕಾಲಿನಲ್ಲಿ ನಿಂತಿದ್ದರು.

ಅತ್ತೆ ಗುಂಡಿ ಮಗುವಾಗಿದ್ದಾಗಿನ ಸಣ್ಣ ಪಾತ್ರೆಯಲ್ಲಿ ಅಡುಗೆ ಮಾಡುವುದನ್ನು ಕಲಿತರು. ಅನ್ನಕ್ಕೆ ಬೆಣ್ಣೆ ಬೆರೆಸಿ ಮೆತ್ತಗೆ ಕಲಸುವುದು, ಮೊಟ್ಟೆಯನ್ನು ಸೂಪಿಗೆ ಒಡೆದು ಹಾಕುವುದು, ಮೀನಿನ ಮುಳ್ಳು ಬಿಡಿಸಿ ಹಿಸುಕುವುದು, ಎಲ್ಲ ನರ್ಸಿಗೆ ಫೋನ್ ಮಾಡಿ ಕೇಳಿ ಕೇಳಿ ಮಾಡಿದರು. ನರ್ಸು, ಇನ್ನು ನೀವೇ ಬಂದು ನಮ್ಮ ಕ್ಯಾಂಟೀನು ನೋಡಿಕೊಳ್ಳಿ ಎಂದಳಂತೆ. ಅದನ್ನು ಅತ್ತೆ ಅಕ್ಕಪಕ್ಕದ ಮನೆಯವರಿಗೆಲ್ಲ ಎರಡೆರಡು ಸಲ ಹೇಳಿದರು. ಮಗನ ಡಬ್ಬಿಗೆ ಮತ್ತೆ ಗಟ್ಟಿ ಊಟ ಬಂತು. ಔಷಧಿ ಅಂಗಡಿಯ ಮಿಷನ್ನಿಗೆ ಮೂರು ದಿನಕ್ಕೊಮ್ಮೆ ಹೋಗುವುದಾಯಿತು. ಐವತ್ತು ಐನೂರು. ಐವತ್ತು ನಾನೂರು, ಆ ದಿನ ಅತ್ತೆ ಅನ್ನಕ್ಕೆ ಇನ್ನೊಂದು ಚಮಚ ಬೆಣ್ಣೆ ಬೆರೆಸಿದರು. ಐವತ್ತು ಒಂಬೈನೂರು. ಐವತ್ತೊಂದು ದಾಟಿದ ದಿನ ಗುಂಡಿ ಬೀದಿಯಲ್ಲೇ ಕುಣಿದಳು, ಔಷಧಿ ಅಂಗಡಿಯವನು ಎದ್ದುಬಂದು ಮಾಸ್ಟರ ಕೈ ಕುಲುಕಿದ.

ನಲವತ್ತೆರಡನೇ ದಿನ ಎಲ್ಲರೂ ಆಸ್ಪತ್ರೆಗೆ ಹೋದರು. ಗುಂಡಿ ಶಾಲೆ ತಪ್ಪಿಸಿದಳು. ಮಾಸ್ಟರು ತೂಕದ ಮಿಷನ್ ಹತ್ತುವ ಮುಂಚೆ ಚಪ್ಪಲಿ ಬಿಟ್ಟರು, ಜೇಬಿನ ಚಾಕ್ ಕೂಡ ತೆಗೆದು ಮಗನ ಕೈಗೆ ಕೊಟ್ಟರು. ಸುಳ್ಳು ತೂಕ ನನಗೆ ಬೇಡ ಎಂದರು. ಐವತ್ತೊಂದು ಎಂಟುನೂರು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಗಾಯ ನೋಡಿದರು, ರಕ್ತದ ರಿಪೋರ್ಟು ತಿರುವಿದರು. ಅತ್ತೆ ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ನಳಿಗೆ ಬೇಡ," ಎಂದರು ಡಾಕ್ಟರು. "ಮೂರು ತಿಂಗಳು ಬಿಟ್ಟು ಬನ್ನಿ. ಆದ್ರೆ ಒಂದು ಮಾತು ತಿಳ್ಕೊಳ್ಳಿ. ತೂಕ ನಿಧಾನವಾಗಿ ಏರತ್ತೆ, ಮೊದಲಿನಷ್ಟಕ್ಕೆ ಏರ್ದೇ ಇರ್ಬಹುದು. ಅದರಿಂದ ತೊಂದ್ರೆ ಇಲ್ಲ. ಇದೇ ಮೈಯಲ್ಲಿ ಚೆನ್ನಾಗಿ ಬದುಕ್ಬಹುದು."

ಮಾಸ್ಟರು ಆ ಮಾತನ್ನು ಮನೆಯವರೆಗೂ ಹೊತ್ತು ತಂದರು. ಅತ್ತೆ ಇಡೀ ದಾರಿ, ನಳಿಗೆ ಇಲ್ಲ, ನಳಿಗೆ ಇಲ್ಲ ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ಮನೆ ಮುಟ್ಟಿದಾಗ ಹನ್ನೆರಡು. ಅನ್ನದ ಬಟ್ಟಲು ಖಾಲಿ ಮಾಡಿ, ಚೀಟಿಯ ಮೇಲೆ ಗೀಟು ಹಾಕಿ, ಮಾಸ್ಟರು ಅಂಗಡಿಗೆ ಬಂದರು. ಬೀರುವಿನಿಂದ ತಿಳಿಬೂದು ಬಟ್ಟೆಯ ಸುರುಳಿ ಇಳಿಸಿ ಟೇಬಲ್ಲಿನ ಮೇಲೆ ಬಿಚ್ಚಿದರು. ಕೊರಳಿನ ಟೇಪು ತೆಗೆದು ಸೊಸೆಗೆ ಕೊಟ್ಟು, ಅವಳ ಮುಂದೆ ಎರಡೂ ತೋಳು ಎತ್ತಿ ನಿಂತರು.

ಸೊಸೆಗೆ ಮೊದಲು ಅರ್ಥವಾಗಲಿಲ್ಲ. ನಲವತ್ತು ವರ್ಷದಲ್ಲಿ ಆ ಮನುಷ್ಯನ ಮೈಗೆ ಬೇರೆಯವರು ಟೇಪು ಹಿಡಿದದ್ದೇ ಇಲ್ಲ. ಅವಳು ಎದೆಯ ಸುತ್ತ ಟೇಪು ತಂದು ಬೆರಳಿನಲ್ಲಿ ಹಿಡಿದಳು. ಮಾಸ್ಟರು ಎದೆ ಉಬ್ಬಿಸಿ ನಿಂತಿದ್ದರು.

"ಉಸಿರು ಬಿಡಿ ಮಾವ."

ಬಿಟ್ಟರು. ಟೇಪು ಸಡಿಲವಾಯಿತು, ಅವಳು ಮತ್ತೆ ಹಿಡಿದಳು. ಕಣ್ಣು ಮಂಜಾಗಿ ಅಂಕಿ ಕಾಣಿಸಲಿಲ್ಲ; ಒರೆಸಿಕೊಂಡು ನೋಡಿದಳು.

"ಮೂವತ್ತೈದೂವರೆ."

"ಬರ್ಕೋ," ಎಂದರು ಮಾಸ್ಟರು. "ಆ ಅಳತೆಗೇ ಒಂದು ಹೊಸದು ಕತ್ತರಿಸು."

ಅವಳು ಚಾಕ್ ತೆಗೆದುಕೊಂಡು ಬಟ್ಟೆಯ ಮೇಲೆ ಬಾಗಿದಳು. ಗೀಟು ಎಳೆಯುವ ಮುಂಚೆ ತಲೆ ಎತ್ತಿ, ಪಕ್ಕದಲ್ಲಿ ಒಳಗೆ ಎಷ್ಟು ಬಟ್ಟೆ ಬಿಡಲಿ ಎಂದು ಕೇಳಿದಳು.

ಮಾಸ್ಟರು ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ಅತ್ತೆ ಮೂರು ಗಂಟೆಯ ಬಟ್ಟಲಿಗೆ ಆಗಲೇ ಪಾತ್ರೆ ಇಡುತ್ತಿದ್ದರು.

"ಎರಡಿಂಚು ಬಿಡು," ಎಂದರು. "ನಾವು ಇನ್ನೂ ಇರ್ತೀವಲ್ಲ, ನೋಡೋಣ."